ಶಾಲೆ ಗೇಟಿನ ಸ್ಟ್ರಾಬೆರಿ ಮಿಠಾಯಿ: ಸತ್ಯಾಂಶ ಏನು?

ಶಿವಮೊಗ್ಗ, ಸಾಗರದ ಕಡೆಯ ವಾಟ್ಸಾಪ್ ಗ್ರೂಪುಗಳಿಗೂ ಬರುವ ಮೆಸೇಜ್ ಇದು: ಶಾಲೆ ಗೇಟಿನ ಹತ್ತಿರ ಸ್ಟ್ರಾಬೆರಿ ವಾಸನೆಯ ಮಿಠಾಯಿ ಹಂಚುತ್ತಾರೆ, ಅದರಲ್ಲಿ ಮೆತ್ ಎಂಬ ಮಾದಕವಸ್ತು ಇದೆ.

ಈ ಕಥೆ ಸುಮಾರು 2007ರಲ್ಲಿ ಅಮೆರಿಕದಲ್ಲಿ ಹಬ್ಬಿದ್ದು. ಮಕ್ಕಳಿಗೆ ಹೀಗೆ ಹಂಚಿದ್ದು ಅಲ್ಲೂ ಸಾಬೀತಾಗಲಿಲ್ಲ. ಊರಿನ ಹೆಸರು ಬದಲಾಗುತ್ತಾ ಘಟ್ಟ ಹತ್ತಿ ಬಂದಿದೆ, ಅಷ್ಟೇ.

ಮೆಸೇಜಿನಲ್ಲಿ ತಾರೀಕು ಇದೆಯಾ? ಯಾವ ಶಾಲೆ, ಯಾವ ಠಾಣೆ? ‘ಇವತ್ತು ಬೆಳಿಗ್ಗೆ’ ಅಂದರೆ ಯಾವ ಬೆಳಿಗ್ಗೆ? ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಎಷ್ಟು ಹಳೇದು ಅಂತ ಅನೇಕ ಸಲ ಗೊತ್ತಾಗುತ್ತದೆ. ಕಳಿಸಿದವರನ್ನು ಬೈಯಬೇಡಿ. ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿರುತ್ತಾರೆ ಅಲ್ವಾ?

ಹಾಗಂತ ಮೆತ್ ಸುಳ್ಳಲ್ಲ. ಅದನ್ನು ತಗೊಂಡರೆ ಎದೆಬಡಿತ, ರಕ್ತದೊತ್ತಡ, ಮೈಬಿಸಿ ಏರುತ್ತವೆ. ದಿನಗಟ್ಟಲೆ ನಿದ್ದೆ ಇಲ್ಲ, ಊಟ ಬೇಡ. ಜಾಸ್ತಿ ದಿನ ಬಳಸಿದರೆ ಹಲ್ಲು ಹಾಳಾಗುತ್ತದೆ, ಮನೆಯವರ ಮೇಲೇ ಅನುಮಾನ ಶುರುವಾಗುತ್ತದೆ. ಇಂಥ ಮಾದಕವಸ್ತು ಗುರುತಿಲ್ಲದ ಮಿಠಾಯಿಯವನಿಗಿಂತ ಪರಿಚಯದ ಗೆಳೆಯರಿಂದಲೇ ಬರುವುದು ಹೆಚ್ಚು. ಹಾಗಾಗಿ ಸುಮ್ನೆ ಗೇಟು ಕಾಯುವ ಬದಲು ಮಗನ ಜೊತೆ ಕೂತು ಮಾತಾಡಿ. ಇವೇ ಲಕ್ಷಣ ಬೇರೆ ಕಾಯಿಲೆಗೂ ಇರಬಹುದು. ತಪ್ಪು ಹೊರಿಸುವ ಮೊದಲು ಡಾಕ್ಟರಿಗೆ ತೋರಿಸಿ. ವ್ಯಸನ ಬಿಡಿಸುವ ಸಹಾಯವಾಣಿ 14446, ಕರೆ ಉಚಿತ.