ಆ ಹಳದಿ ವಯಸ್ಸಿನದಲ್ಲ

ಚೀನಾದ ದುನ್‌ಹುವಾಂಗ್‌ನಲ್ಲಿ ಸಿಕ್ಕ, ಬೌದ್ಧ ಗ್ರಂಥವಾದ ವಜ್ರಸೂತ್ರದ ಕಾಗದದ ಸುರುಳಿ (ಕ್ರಿ.ಶ. 868, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ) 'ಹಳತಾಗಿ ಹಳದಿಗಟ್ಟಿದೆ' ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ತಪ್ಪು. ಅದು ಬೇಕೆಂದೇ ಹಾಕಿದ ಬಣ್ಣ: ಹುವಾಂಗ್‌ಬೋ ಮರದ ತೊಗಟೆಯ ರಸ. ಅದರಲ್ಲಿನ ಬರ್ಬೆರಿನ್ ಎಂಬ ಹಳದಿ ರಾಸಾಯನಿಕ ಹುಳ ಹತ್ತದಂತೆ ಕಾಯುತ್ತದೆ; ನಮ್ಮ ಮರದರಿಶಿನದಲ್ಲಿರುವುದೂ ಇದೇ. ಅತಿನೇರಳೆ ದೀಪ ಹಿಡಿದರೆ ಪ್ರಖರ ಹಳದಿಯಾಗಿ ಹೊಳೆಯುತ್ತದೆ, ಬರೀ ಮಾಸಿದ ಕಾಗದ ಹಾಗೆ ಹೊಳೆಯದು. 'ಹಳದಿ ತೆಗೆಯುತ್ತೇವೆ' ಅಂತ ತೊಳೆದರೆ ಬಣ್ಣ ನೀರಿನೊಡನೆ ಸರಿದು ಅಂಚಿನಲ್ಲಿ ಕಲೆಯಾಗುತ್ತದೆ. ಹೆಚ್ಚು ಬೆಳಕಿಗಿಟ್ಟರೂ ಕೆಟ್ಟಿತು. ಇನ್ನು, ಸುಮಾರು 5 ಮೀಟರ್ ಉದ್ದದ ಆ ಸುರುಳಿಯ ಹಿಂಬದಿಗೆ ಅಂಟಿಸಿದ್ದ ಬೆನ್ನುಕಾಗದಗಳನ್ನು 'ರಕ್ಷಣೆ' ಎಂದಿದ್ದೀರಲ್ಲ, ಅವೇ ತೊಂದರೆ ಕೊಟ್ಟವು. ತೇವಕ್ಕೆ ಮೂಲ ಕಾಗದ ಒಂದು ರೀತಿ ಹಿಗ್ಗಿದರೆ ಬೆನ್ನಿನದು ಇನ್ನೊಂದು ರೀತಿ. ಸುತ್ತಿ ಬಿಚ್ಚಿದಂತೆಲ್ಲ ಮೊದಲು ಮಡಿಕೆ, ಆಮೇಲೆ ಬಿರುಕು.