ನೀರಿಗೆ ಬಂದವರು ಊರಿಗೆ ಬಾರರು

ಕೆರೀಬಿಯನ್ ಸಮುದ್ರದ ಒಂದು ದ್ವೀಪವನ್ನು ನೋಡಿ ಮುಗಿಸಲು ಎಷ್ಟು ಸಮಯ ಬೇಕು? ಅಲ್ಲೇ ಹುಟ್ಟಿ ಬೆಳೆದವರನ್ನು ಕೇಳಿದರೆ ಒಂದು ಜನ್ಮ ಸಾಲದು ಎಂದಾರು. ವಿಹಾರ ಹಡಗಿನ ಪ್ರಯಾಣಿಕರಿಗೆ ಆರು ಗಂಟೆ ಧಾರಾಳ, ಅದರಲ್ಲೇ ಊಟವೂ ಸೇರಿತು. ಬೆಳಿಗ್ಗೆ ಎಂಟಕ್ಕೆ ಆಗಮನ, ಸಂಜೆ ಐದಕ್ಕೆ ನಿರ್ಗಮನ ಎಂದು ವೇಳಾಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಎಂಟಕ್ಕೆ ಬಂದ ಹಡಗಿನಿಂದ ಎಂಟಕ್ಕೇ ಇಳಿಯಬಹುದೆಂದು ನಂಬುವವರು ಮೊದಲ ಸಲ ಹಡಗು ಹತ್ತಿದವರು. ಸ್ಥಳೀಯ ಅಧಿಕಾರಿಗಳು ಕಾಗದಪತ್ರ ನೋಡಿ ತಲೆಯಾಡಿಸಬೇಕು, ಇಳಿಯಲು ಗ್ಯಾಂಗ್‌ವೇ ಎಂಬ ಸೇತುವೆ ಹಾಕಬೇಕು, ಸಾವಿರಾರು ಜನ ಒಂದೇ ಬಾಗಿಲಲ್ಲಿ ಕಾರ್ಡು ಒತ್ತಿ ಹೊರಬೀಳಬೇಕು. ಸಂಜೆಯ ಐದೂ ಐದಲ್ಲ, ಎಲ್ಲರೂ ನಾಲ್ಕೂವರೆಗೇ ಹಡಗಿನೊಳಗೆ ಇರಬೇಕು. ಗ್ರ್ಯಾಂಡ್ ಕೇಮನ್ ದ್ವೀಪದಂತಹ ಕಡೆ ದೊಡ್ಡ ಹಡಗು ತಾಗುವ ಕಟ್ಟೆಯೇ ಇಲ್ಲ. ಹಡಗು ಸಮುದ್ರದಲ್ಲೇ ನಿಲ್ಲುತ್ತದೆ, ಟೆಂಡರ್ ಎಂಬ ಸಣ್ಣ ದೋಣಿಗಾಗಿ ಚೀಟಿ ಹಿಡಿದು ಕಾಯಬೇಕು. ಇಷ್ಟೆಲ್ಲ ಕಳೆದು ಉಳಿದ ಹೊತ್ತಿನಲ್ಲಿ ದ್ವೀಪದ ಇತಿಹಾಸ, ಸಂಸ್ಕೃತಿ, ಪ್ರಕೃತಿ ಹಾಗೂ ಜನಜೀವನದ ಪರಿಚಯ ಆಗತಕ್ಕದ್ದು.

ಈ ಅರೆದಿನಕ್ಕಾಗಿ ನಡೆಯುವ ಯೋಜನೆಯಾದರೋ ವರ್ಷಪೂರ್ತಿಯದು. ಯಾವ ಬಂದರಿನಲ್ಲಿ ಎಡಕ್ಕೆ ತಿರುಗಬೇಕು, ಯಾವ ಟ್ಯಾಕ್ಸಿಗೆ ಎಷ್ಟು ಕೊಡಬೇಕು, ಮಳೆ ಬಂದರೆ ಏನು, ಬರದಿದ್ದರೆ ಏನು ಎಂದು ಎಕ್ಸೆಲ್ ಹಾಳೆಗಳು ತುಂಬುತ್ತವೆ. ಅದರಲ್ಲಿ ಅತಿ ಮುಖ್ಯವಾದ ಕಾಲಂ ಒಂದಿದೆ: ಅದೇ ದಿನ ಅದೇ ಬಂದರಿಗೆ ಇನ್ನೆಷ್ಟು ಹಡಗುಗಳು ಬರಲಿವೆ? ನಾಲ್ಕು ಎಂದು ತಿಳಿದರೆ ಮನೆಮಂದಿಯ ಮುಖ ಬಾಡುತ್ತದೆ. ಏಳು ಸಾವಿರ ಜನರನ್ನು ತುಂಬಿಕೊಂಡ ಹಡಗಿನಲ್ಲಿ ಹೊರಟವರಿಗೆ ಕಡಲತೀರದಲ್ಲಿ ಮಾತ್ರ ಜನ ಇರಬಾರದು!

ಇಂಥವರ ಚಿಂತೆ ಕಳೆಯಲೆಂದೇ ಹಡಗಿನ ಕಂಪನಿಗಳು ದಡಪ್ರವಾಸದ ಕೈಪಿಡಿ ಕೊಡುತ್ತವೆ. ಪುಟ ತಿರುವಿದಂತೆ ಜೀಪು ಸವಾರಿ, ಸ್ನಾರ್ಕೆಲ್, ಜಿಪ್‌ಲೈನ್, ಡಾಲ್ಫಿನ್ ಜೊತೆ ಈಜು, ರಮ್ಮಿನ ರುಚಿ. ಮುಂದಿನ ಬಂದರಿನ ಪುಟದಲ್ಲಿ ರಮ್ಮಿನ ರುಚಿ, ಡಾಲ್ಫಿನ್, ಜಿಪ್‌ಲೈನ್. ಮೆಕ್ಸಿಕೊದ ಕೋಸುಮೆಲ್ ದ್ವೀಪದ ಪುಟವನ್ನು ಹರಿದು ಹೊಂಡುರಾಸ್‌ನ ರೊಆತಾನ್ ದ್ವೀಪದ ಜಾಗದಲ್ಲಿ ಅಂಟಿಸಿದರೆ ಡಾಲ್ಫಿನ್‌ಗೂ ಗೊತ್ತಾಗಲಿಕ್ಕಿಲ್ಲ. ಪ್ರತಿ ಪ್ರವಾಸದ ಪಕ್ಕದಲ್ಲಿ ನಡೆಯುವ ಮನುಷ್ಯನ ಚಿತ್ರವಿದ್ದು, ಎಷ್ಟು ದಣಿವಾಗುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಎಷ್ಟು ಖರ್ಚಾಗುತ್ತದೆ ಎಂಬುದನ್ನು ಸೂಚಿಸುವ, ತಲೆಯ ಮೇಲೆ ಕೈ ಹೊತ್ತ ಮನುಷ್ಯನ ಚಿತ್ರವನ್ನು ಯಾರೂ ಇನ್ನೂ ಬರೆದಿಲ್ಲ. ಇವುಗಳಲ್ಲೆಲ್ಲ ಗಂಭೀರವಾದದ್ದು ‘ಸಾಂಸ್ಕೃತಿಕ ಪ್ರವಾಸ’. ಎದೆಯ ಮೇಲೆ ಸಂಖ್ಯೆಯ ಚೀಟಿ ಅಂಟಿಸಿಕೊಂಡವರು, ಅದೇ ಸಂಖ್ಯೆಯ ಹಲಗೆ ಎತ್ತಿ ಹಿಡಿದವನ ಹಿಂದೆ ಸಾಲಾಗಿ ಸಾಗುತ್ತಾರೆ. ಹಳೆಯ ಕೋಟೆಯ ಮುಂದೆ ಬಸ್ಸಿಗೆ ಹತ್ತು ನಿಮಿಷ ನಿಲುಗಡೆ, ಚರ್ಚಿನ ಮುಂದೆ ಐದು ನಿಮಿಷ. ಉಳಿದ ಸಂಸ್ಕೃತಿಯೆಲ್ಲ ಒಂದು ಅಂಗಡಿಯಲ್ಲಿ ಇರುವುದರಿಂದ ಅಲ್ಲಿ ಮುಕ್ಕಾಲು ಗಂಟೆ.

ಬಂದರಿನ ಗೇಟು ದಾಟಿದರೆ ಬಹಳಷ್ಟು ಕಡೆ ಇಂಥದೇ ದೋಣಿ, ಇಂಥದೇ ಚಾಲಕ, ಇಂಥದೇ ಸಮುದ್ರ ಕಡಿಮೆ ಬೆಲೆಗೆ ಸಿಗುತ್ತವೆ. ಹೆಚ್ಚಿನ ಹಣಕ್ಕೆ ಕಂಪನಿ ಕೊಡುವುದು ಅಭಯಹಸ್ತ. ಅವರ ಮೂಲಕ ಹೋದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಸ್ವಂತ ಬುದ್ಧಿ ಬಳಸಿ ಹೋದವರಿಗೆ ಕಾಯುವುದಿಲ್ಲ. ಇದನ್ನು ಅವರು ಎಷ್ಟು ಮೃದುವಾಗಿ ಹೇಳುತ್ತಾರೆಂದರೆ ಕೇಳಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಾಗೆ ತಡವಾಗಿ ಬಂದವರಿಗೆ ‘ಪಿಯರ್ ರನ್ನರ್’, ಅಂದರೆ ಕಟ್ಟೆಯ ಓಟಗಾರ, ಎಂಬ ಬಿರುದೂ ಇದೆ. ಕೈಯಲ್ಲಿ ಚಪ್ಪಲಿ, ಕಂಕುಳಲ್ಲಿ ರಮ್ ಕೇಕು, ಹಿಂದೆ ಏದುಸಿರು ಬಿಡುವ ಸಂಗಾತಿ. ಹೀಗೆ ಕಟ್ಟೆಯುದ್ದಕ್ಕೂ ಓಡಿಬರುವವರನ್ನು ನೋಡಲು ಮೇಲಿನ ಅಂತಸ್ತುಗಳ ಬಾಲ್ಕನಿ ತುಂಬ ಜನ ಸೇರಿ ಚಪ್ಪಾಳೆ ತಟ್ಟುತ್ತಾರೆ, ವಿಡಿಯೊ ಮಾಡುತ್ತಾರೆ. ನಿಜ ಹೇಳಬೇಕೆಂದರೆ ಇಡೀ ಪ್ರವಾಸದಲ್ಲಿ ಪ್ರಯಾಣಿಕರು ಮೈಮರೆತು ನೋಡುವ ಏಕೈಕ ಬಂದರು ದೃಶ್ಯ ಇದು, ಅದೂ ಉಚಿತ. ಹಡಗು ಹಗ್ಗ ಬಿಚ್ಚಿದ ಮೇಲೆ ಕಟ್ಟೆಯಲ್ಲಿ ಉಳಿದವರಿಗೆ, ಸಿಬ್ಬಂದಿ ಅವರ ಕೋಣೆಯ ಲಾಕರಿನಿಂದ ತೆಗೆದುಕೊಟ್ಟ ಪಾಸ್‌ಪೋರ್ಟ್ ಬಂದರಿನ ಏಜೆಂಟನ ಬಳಿ ಸಿಕ್ಕರೆ ಪುಣ್ಯ. ಮುಂದಿನ ಬಂದರಿಗೆ ವಿಮಾನದ ಟಿಕೆಟ್ ಸ್ವಂತ ಖರ್ಚಿನದು. ಅಂತೂ ಅವರಿಗೆ ಮಾತ್ರ ಆ ದ್ವೀಪದಲ್ಲಿ ಒಂದು ರಾತ್ರಿ ಕಳೆಯುವ ಯೋಗ ಕೂಡಿಬರುತ್ತದೆ.

ತಡವಾಗಲು ಸೋಮಾರಿತನವೇ ಬೇಕೆಂದಿಲ್ಲ, ಕೈಗಡಿಯಾರ ಸಾಕು. ಕೋಸುಮೆಲ್ ಸೇರಿರುವ ಮೆಕ್ಸಿಕೊದ ಕ್ವಿಂಟಾನಾ ರೂ ರಾಜ್ಯ 2015ರಲ್ಲಿ ತನ್ನದೇ ಒಂದು ಸಮಯವನ್ನು ಹಿಡಿದು, ವರ್ಷಪೂರ್ತಿ ಅದನ್ನೇ ಇಟ್ಟುಕೊಂಡಿದೆ. ಅಮೆರಿಕದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಹಾಗಾಗಿ ಆಗ ಮಯಾಮಿಯಿಂದ ಬಂದ ಹಡಗು ತನ್ನ ಗಡಿಯಾರ ಬದಲಿಸದಿದ್ದರೆ ಅದು ದ್ವೀಪಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಚಳಿಗಾಲದಲ್ಲಿ ಟೆಕ್ಸಸ್‌ನ ಗಾಲ್ವೆಸ್ಟನ್‌ನಿಂದ ಬಂದದ್ದು ಒಂದು ಗಂಟೆ ಹಿಂದಿರುತ್ತದೆ. ಮೊಬೈಲ್ ತಾನಾಗಿಯೇ ಊರಿನ ಸಮಯಕ್ಕೆ ಹೊಂದಿಕೊಂಡು ಕೂರುತ್ತದೆ, ಪಾಪ, ಅದಕ್ಕೆ ತಾನು ನಿಂತ ನೆಲದ ಮೇಲೆ ಗೌರವ. ಹಡಗಿನವರ ಅಪ್ಪಣೆ ಸ್ಪಷ್ಟವಾಗಿದೆ: ದ್ವೀಪದಲ್ಲಿ ಸೂರ್ಯ ಎಲ್ಲಾದರೂ ಇರಲಿ, ನೀವು ಹಡಗಿನ ಸಮಯದಲ್ಲಿರಿ. ಮೈಯಷ್ಟೇ ದಡಕ್ಕೆ ಇಳಿದರೆ ಸಾಕು, ಹೊತ್ತು ಇಳಿಯಬೇಕಾಗಿಲ್ಲ.

ಪ್ರಯಾಣಿಕರ ಮಾತು ಹಾಗಿರಲಿ, ಮೀನುಗಳೂ ಈ ವೇಳಾಪಟ್ಟಿಗೆ ಒಗ್ಗಿಕೊಂಡಿವೆ. ಗ್ರ್ಯಾಂಡ್ ಕೇಮನ್‌ನ ‘ಸ್ಟಿಂಗ್‌ರೇ ಸಿಟಿ’ ಎಂಬ ಮರಳುದಿಬ್ಬದ ಬಳಿ ಹಿಂದೆ ಬೆಸ್ತರು ಮೀನು ಹಸನು ಮಾಡಿ ಉಳಿದ ಕಸವನ್ನು ನೀರಿಗೆ ಎಸೆಯುತ್ತಿದ್ದರು, ಅದನ್ನು ತಿನ್ನಲು ತೊರಕೆ ಮೀನುಗಳು ಸೇರುತ್ತಿದ್ದವು. ಈಗ ಬೆಸ್ತರ ಜಾಗಕ್ಕೆ ಪ್ರವಾಸಿಗರು ಬಂದಿದ್ದಾರೆ. ಸಹಜವಾಗಿ ರಾತ್ರಿ ಆಹಾರ ಹುಡುಕುವ ಈ ಮೀನು ಇಲ್ಲಿ ಹಗಲು ಪಾಳಿಗೆ ಬದಲಾಗಿದೆ. ಅದಕ್ಕೆ ಮುತ್ತು ಕೊಟ್ಟರೆ ಏಳು ವರ್ಷ ಅದೃಷ್ಟ ಎಂದು ಗೈಡುಗಳು ಹೇಳುತ್ತಾರೆ. ಮುತ್ತು ಪಡೆದ ಮೀನಿನ ಅದೃಷ್ಟದ ಬಗ್ಗೆ ಏನೂ ಹೇಳುವುದಿಲ್ಲ. ಅದೇ ದ್ವೀಪದಲ್ಲಿ ಕಪ್ಪು ಸುಣ್ಣಕಲ್ಲಿನ ಮೊನಚು ಬಂಡೆಗಳಿಂದಾಗಿ ‘ನರಕ’ ಎಂದೇ ಹೆಸರಾದ ಊರೂ ಇದೆ, ಅಲ್ಲಿನ ಅಂಚೆಮುದ್ರೆ ಒತ್ತಿಸಿಕೊಂಡ ಕಾರ್ಡು ಪ್ರಸಿದ್ಧ. ನರಕಕ್ಕೆ ಹೋಗಿ, ಕಾಗದ ಹಾಕಿ, ನಾಲ್ಕೂವರೆಗೆ ವಾಪಸಾಗುವ ಸೌಲಭ್ಯ ಯಾವ ಪುರಾಣದಲ್ಲೂ ಇರಲಿಲ್ಲ.

ಇನ್ನು ವ್ಯಾಪಾರ. ಬಂದರು ಬರುವ ಹಿಂದಿನ ದಿನ ಹಡಗಿನ ರಂಗಮಂದಿರದಲ್ಲಿ ‘ಬಂದರು ಮಾರ್ಗದರ್ಶನ’ದ ಉಪನ್ಯಾಸ ಇರುತ್ತದೆ. ದ್ವೀಪದಲ್ಲಿ ಯಾವ ಭಾಷೆ ಆಡುತ್ತಾರೆ, ಯಾವಾಗ ಸ್ವತಂತ್ರವಾಯಿತು ಎಂದು ತಿಳಿಯಬಯಸಿದವರು ನಿರಾಶರಾಗುತ್ತಾರೆ. ಅಲ್ಲಿ ಹೇಳುವುದು ಯಾವ ಬೀದಿಯ ಯಾವ ಅಂಗಡಿಯಲ್ಲಿ ವಜ್ರ ಕೊಳ್ಳಬೇಕು, ಯಾವ ಅಂಗಡಿಯಲ್ಲಿ ಬಿಟ್ಟಿ ಪದಕ ಕೊಡುತ್ತಾರೆ ಎಂಬುದನ್ನು. ಶಿಫಾರಸಾದ ಅಂಗಡಿಗಳು ಆ ಶಿಫಾರಸಿಗೆ ಹಣ ಕೊಟ್ಟಿರುತ್ತವೆ, ಅದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಕೆರೀಬಿಯನ್ ಬಂದರುಗಳಲ್ಲಿ ಅತಿ ಹೆಚ್ಚು ಹೊಗಳಿಸಿಕೊಳ್ಳುವ ಕಲ್ಲು ತಾಂಜನೈಟ್. ಈ ನೀಲಿ ಕಲ್ಲು ಜಗತ್ತಿನಲ್ಲಿ ಸಿಗುವುದು ತಾಂಜಾನಿಯಾದಲ್ಲಿ, ಕಿಲಿಮಂಜಾರೊ ಪರ್ವತದ ಸಮೀಪದ ಗಣಿಗಳಲ್ಲಿ ಮಾತ್ರ. ಪೂರ್ವ ಆಫ್ರಿಕಾದ ಕಲ್ಲನ್ನು ಅಟ್ಲಾಂಟಿಕ್‌ನ ಈಚೆ ದಡದಲ್ಲಿ ಕೊಂಡು ‘ದ್ವೀಪದ ನೆನಪಿಗೆ’ ಎಂದು ಬೆರಳಿಗೆ ಏರಿಸಿಕೊಳ್ಳುತ್ತಾರೆ. ದ್ವೀಪದಲ್ಲೇ ತಯಾರಾದ ವಸ್ತುವೇ ಬೇಕೆಂದು ಹಟ ಹಿಡಿದು ಒಂದು ಬಾಟಲಿ ರಮ್ ಕೊಂಡವರಿಗೆ ಹಡಗಿನ ಬಾಗಿಲಲ್ಲಿ ತಪಾಸಣೆ. ಬಾಟಲಿಯನ್ನು ಇಸಿದುಕೊಂಡು, ಪ್ರಯಾಣದ ಕೊನೆಯ ರಾತ್ರಿ ಮರಳಿಸುತ್ತಾರೆ. ಅಲ್ಲಿಯವರೆಗೆ ಬಾಯಾರಿದರೆ ಹಡಗಿನ ಬಾರು ತೆರೆದೇ ಇರುತ್ತದಲ್ಲ!

ಇಷ್ಟಾದರೂ ಒಂದಿಷ್ಟು ಹಣ ಬೆರಳ ಸಂದಿಯಿಂದ ಸೋರಿ ದ್ವೀಪದವರ ಕೈ ಸೇರುತ್ತಿತ್ತು. ಆ ಸೋರಿಕೆಗೂ ಮದ್ದು ಕಂಡುಹಿಡಿದಿದ್ದಾರೆ: ಬಂದರನ್ನೇ ಕಟ್ಟಿಬಿಡುವುದು. ಡೊಮಿನಿಕನ್ ಗಣರಾಜ್ಯದ ಅಂಬರ್ ಕೋವ್ ಬಂದರು ಕಾರ್ನಿವಲ್ ಹಡಗು ಕಂಪನಿಯವರು ಕಟ್ಟಿಸಿದ್ದು, ಬೆಲೀಜ್‌ನ ಹಾರ್ವೆಸ್ಟ್ ಕೇ (‘ಕೇ’ ಎಂದರೆ ಪುಟ್ಟ ದ್ವೀಪ) ನಾರ್ವೇಜಿಯನ್ ಕಂಪನಿಯವರದು. ಅದಕ್ಕೂ ಮುಂದಿನ ಹೆಜ್ಜೆ ಖಾಸಗಿ ದ್ವೀಪ. 1977ರಲ್ಲಿ ನಾರ್ವೇಜಿಯನ್ ಕಂಪನಿ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ಹಿಡಿದು ಇದಕ್ಕೆ ನಾಂದಿ ಹಾಡಿತು. ಹಾಲೆಂಡ್ ಅಮೆರಿಕ ಕಂಪನಿ 1996ರಲ್ಲಿ ಕೊಂಡ ಲಿಟಲ್ ಸ್ಯಾನ್ ಸಾಲ್ವಡಾರ್ ‘ಹಾಫ್ ಮೂನ್ ಕೇ’ ಆಯಿತು. ಹಿಂದೊಮ್ಮೆ ಮಾದಕವಸ್ತು ಸಾಗಿಸುವವರ ವಿಮಾನಗಳು ಇಳಿಯುತ್ತಿದ್ದ ಗೋರ್ಡಾ ಕೇ ಡಿಸ್ನಿಯ ಪಾಲಾಗಿ, ಮಿಕ್ಕಿ ಇಲಿಯ ಕೈಕುಲುಕುವ ‘ಕ್ಯಾಸ್ಟವೇ ಕೇ’ ಆಯಿತು. ರಾಯಲ್ ಕೆರೀಬಿಯನ್‌ನವರು 25 ಕೋಟಿ ಡಾಲರ್ ಸುರಿದು 2019ರಲ್ಲಿ ‘ಕೊಕೊಕೇ’ಯನ್ನು ನವೀಕರಿಸಿದರು. ಸುತ್ತಲೂ ನಾಲ್ಕು ದಿಕ್ಕಿನಲ್ಲಿ ಸಮುದ್ರವಿರುವ ಆ ಪುಟ್ಟ ನೆಲದ ಮೇಲೆ ನೀರಾಟದ ಪಾರ್ಕು ಕಟ್ಟಿ, ಅದಕ್ಕೆ ಬೇರೆ ಟಿಕೆಟ್ ಇಟ್ಟಿದ್ದಾರೆ. ಈಜುಕೊಳದ ಬದಿಯಲ್ಲಿ ಬಿಸಿಲಿಗೆ ಒರಗಿದವರಿಗೆ ಸಮುದ್ರ ಕಾಣುತ್ತದೆ, ಬೇಕಿದ್ದರೆ ನೋಡಬಹುದು.

ಇವೆಲ್ಲಕ್ಕೂ ಕಳಶವಿಟ್ಟಂತಿರುವುದು ಹೈಟಿಯ ಲಬಾಡಿ. ಅದು ದ್ವೀಪವಲ್ಲ, ಹೈಟಿಯ ಉತ್ತರ ಕರಾವಳಿಗೆ ಅಂಟಿಕೊಂಡ ಭೂಶಿರ. ಅದನ್ನು ದ್ವೀಪವಾಗಿಸಲು ರಾಯಲ್ ಕೆರೀಬಿಯನ್‌ನವರು ಬೇಲಿ ಹಾಕಿದ್ದಾರೆ. ಅಲ್ಲಿನ ಒಂದು ಕಡಲತೀರಕ್ಕೆ ಕೊಲಂಬಸ್ ಹೆಸರು. 1492ರ ಕ್ರಿಸ್‌ಮಸ್ ವೇಳೆ ಇದೇ ಕರಾವಳಿಯಲ್ಲಿ ನೆಲಕ್ಕೆ ತಾಗಿ ತನ್ನ ಹಡಗು ಕಳೆದುಕೊಂಡ ಕೊಲಂಬಸ್‌ಗೂ ಇಲ್ಲಿ ಊರಿನವರು ಎದುರಾಗಿದ್ದರು. ವಿಹಾರ ಹಡಗಿನವರಿಗೆ ಬೇಲಿಯಾಚೆಯ ಹೈಟಿ ಪ್ರವಾಸದ ಪಟ್ಟಿಯಲ್ಲೇ ಇರಲಿಲ್ಲ. 2010ರ ಜನವರಿ 12ರಂದು ಆ ದೇಶವನ್ನು ಭೂಕಂಪ ನೆಲಸಮ ಮಾಡಿತು. ಅದೇ ತಿಂಗಳ 15ರಂದು ವಿಹಾರ ಹಡಗು ಲಬಾಡಿಗೆ ಬಂದು ನಿಂತಿತು. ಪರಿಹಾರ ಸಾಮಗ್ರಿ ತಂದಿದ್ದೇವೆ ಎಂದರು, ತಂದದ್ದೂ ನಿಜ. ಸಾಮಗ್ರಿ ಇಳಿಸಿದ ಹಡಗಿನಿಂದಲೇ ಈಜುಡುಗೆಯವರೂ ಇಳಿದು ಬಾರ್ಬೆಕ್ಯೂ ಊಟ ಮಾಡಿದರು. ಕೆಲವರಿಗೆ ಗಂಟಲಲ್ಲಿ ತುತ್ತು ಇಳಿಯದೆ ಹಡಗಿನಲ್ಲೇ ಉಳಿದರು ಎಂಬುದನ್ನೂ ಹೇಳಬೇಕು. ಮುಂದೆ ಸಶಸ್ತ್ರ ಗ್ಯಾಂಗುಗಳ ಹಿಂಸಾಚಾರ ಹೆಚ್ಚಿದಾಗ ಬೇಲಿಯೊಳಗಿನ ಭೇಟಿಯನ್ನೂ ನಿಲ್ಲಿಸಬೇಕಾಯಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ ಎಂದು ಕೇಳಿದ ಹಿರಿಯರು ಇಂಥ ಹಡಗುಗಳನ್ನು ಕಂಡಿರಲಿಲ್ಲ. ಇಲ್ಲಿ ನೀರಿಗೆ ಬಂದವರು ಊರಿಗೇ ಬರುವುದಿಲ್ಲ.

ಊರಿನವರನ್ನು ಕೇಳಿದವರೂ ಇದ್ದಾರೆ. ಫ್ಲಾರಿಡಾದ ತುದಿಯ ಕೀ ವೆಸ್ಟ್ ದ್ವೀಪದ ಮತದಾರರು 2020ರಲ್ಲಿ, ದಿನಕ್ಕೆ 1,500 ಹಡಗು ಪ್ರಯಾಣಿಕರು ಇಳಿದರೆ ಸಾಕು, ದೊಡ್ಡ ಹಡಗು ಬೇಡ ಎಂದು ಭಾರಿ ಬಹುಮತದಿಂದ ತೀರ್ಮಾನಿಸಿದರು. ಮರುವರ್ಷವೇ ರಾಜ್ಯ ಸರ್ಕಾರ ಕಾನೂನು ತಂದು ಅದನ್ನು ಅಳಿಸಿಹಾಕಿತು. ಜನರಿಗೆ ಮತ ಹಾಕುವ ಹಕ್ಕು ಇದ್ದೇ ಇದೆ, ಎಣಿಸಿದ ಮೇಲೆ ಏನು ಮಾಡಬೇಕೆಂಬುದು ಬೇರೆ ವಿಷಯ. ಗ್ರ್ಯಾಂಡ್ ಕೇಮನ್‌ನವರು 2025ರ ಏಪ್ರಿಲ್‌ನಲ್ಲಿ ಹಡಗುಕಟ್ಟೆ ಬೇಡವೆಂದು ಮತ ಹಾಕಿದರು, ಟೆಂಡರ್ ದೋಣಿಯ ಚೀಟಿ ಹಾಗಾಗಿ ಚಲಾವಣೆಯಲ್ಲಿದೆ. ಮೆಕ್ಸಿಕೊ ಸಂಸತ್ತು 2024ರ ಕೊನೆಯಲ್ಲಿ ಪ್ರತಿ ಹಡಗು ಪ್ರಯಾಣಿಕರಿಗೆ 42 ಡಾಲರ್ ಶುಲ್ಕ ಎಂದಾಗ ಉದ್ಯಮದವರು ಇನ್ನು ಬರುವುದೇ ಇಲ್ಲವೆಂಬಂತೆ ನಿಟ್ಟುಸಿರು ಬಿಟ್ಟರು. ಕೊನೆಗೆ 2025ರ ಜುಲೈನಿಂದ, ಮೊದಲಿಗೆ 5 ಡಾಲರ್ ಎಂದು ಚೌಕಾಸಿ ಕುದುರಿತು. ಹಡಗಿನ ಬಾರಿನಲ್ಲಿ ಒಂದು ಕಾಕ್‌ಟೇಲ್‌ಗೆ ಇದರ ಎರಡರಷ್ಟು ಕೊಟ್ಟರೂ ಸಾಲದು, ಆದರೆ ಅದರ ಮೇಲೊಂದು ಪುಟ್ಟ ಕೊಡೆ ಇರುತ್ತದೆ.

ಈ ಎಲ್ಲ ಗೊಂದಲ ಬಲ್ಲ ಅನುಭವಿಗಳು ಬಂದರಿನ ದಿನ ಇಳಿಯುವುದೇ ಇಲ್ಲ. ಎಲ್ಲರೂ ದಡಕ್ಕೆ ಹೋದಾಗ ಈಜುಕೊಳ ಖಾಲಿ, ಒರಗುಕುರ್ಚಿ ಖಾಲಿ, ಲಿಫ್ಟ್ ಕರೆದ ತಕ್ಷಣ ಬರುತ್ತದೆ. ಸದ್ಯ ಇವರಾದರೂ ತಪ್ಪಿಸಿಕೊಂಡರು ಎಂದುಕೊಳ್ಳುವಷ್ಟರಲ್ಲಿ ಸ್ಪಾದವರು ‘ಬಂದರು ದಿನದ ವಿಶೇಷ ರಿಯಾಯಿತಿ’ ಎಂಬ ಚೀಟಿಯನ್ನು ಬಾಗಿಲಡಿಯಿಂದ ತೂರಿಸಿರುತ್ತಾರೆ. ಅಲ್ಲದೆ ಹಡಗಿನಲ್ಲಿ ಇಲ್ಲದ್ದಾದರೂ ಏನು? 2024ರಲ್ಲಿ ವಿಹಾರ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಹಡಗಿಗೆ ಇಪ್ಪತ್ತು ಅಂತಸ್ತು, ಏಳು ಈಜುಕೊಳ, ಆರು ನೀರುಜಾರುಬಂಡೆ, ನಿಜವಾದ ಗಿಡಗಳ ಉದ್ಯಾನ. ದ್ವೀಪವೇ ಹಡಗು ಹತ್ತಿ ಕೂತಿರುವಾಗ ಹಡಗು ಇನ್ನೊಂದು ದ್ವೀಪಕ್ಕೆ ಏಕೆ ಹೋಗಬೇಕು, ಸುಮ್ಮನೆ ಅಮೆರಿಕದ್ದೇ ಇನ್ನೊಂದು ಬಂದರು ಸುತ್ತಿ ಮಯಾಮಿಗೆ ಮರಳಬಾರದೇ?

ಬಾರದು. 1886ರಲ್ಲಿ ಅಮೆರಿಕ ತನ್ನ ಹಡಗು ಉದ್ಯಮವನ್ನು ಕಾಪಾಡಲು ಒಂದು ಕಾಯ್ದೆ ಮಾಡಿತು. ಅದರ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದಲ್ಲಿ ಜನರನ್ನು ಹತ್ತಿಸಿಕೊಂಡು ಅಮೆರಿಕದ ಬಂದರುಗಳಲ್ಲೇ ಇಳಿಸುವುದಾದರೆ ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಬೇಕು. ಮಯಾಮಿಯಲ್ಲೇ ಮುಖ್ಯ ಕಚೇರಿಯಿರುವ ಕಂಪನಿಗಳ ಹಡಗುಗಳ ಮೇಲೆ ಬಹಾಮಾಸ್, ಪನಾಮದಂತಹ ದೇಶಗಳ ಧ್ವಜ ಹಾರುವುದರಿಂದ ಅವೆಲ್ಲ ವಿದೇಶಿ ಹಡಗುಗಳು. ಕಂಪನಿಯ ಸ್ವಂತ ಮರಳು, ಸ್ವಂತ ಕುರ್ಚಿ, ಸ್ವಂತ ನಲ್ಲಿಯ ಬಿಯರ್ ಇರುವ ದ್ವೀಪ ಬಹಾಮಾಸ್‌ನಲ್ಲಿ ಇರುವುದರಿಂದ ಅದು ವಿದೇಶ. ಬೆಳಿಗ್ಗೆ ಎಂಟಕ್ಕೆ ಹಡಗು ಅಲ್ಲಿ ತಾಗುತ್ತದೆ, ಕಾನೂನು ಪಾಲನೆಯಾಗುತ್ತದೆ, ನಾಲ್ಕೂವರೆಗೆ ಎಲ್ಲರೂ ಒಳಗೆ.