ಲಾರಿಗಳೆಲ್ಲಿ ಹೋದವು?

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಿಂದ ಸ್ಯಾನ್ ಹೊಸೆಯ ನಮ್ಮ ಮನೆಗೆ 101 ಹೆದ್ದಾರಿಯೇ ನೇರ ದಾರಿ. ಆದರೂ 2024ರ ಜೂನ್ ತಿಂಗಳಲ್ಲಿ ಸೋದರಮಾವ ಬಂದಿಳಿದ ದಿನ ನಾನು ಬೇಕೆಂದೇ 380ಕ್ಕೆ ಹೊರಳಿ, ಗುಡ್ಡ ಹತ್ತಿ, 280 ಸೇರಿದೆ. ಹತ್ತು ನಿಮಿಷ ಹೆಚ್ಚಾದರೆ ಆಗಲಿ, ಮೊದಲ ದಿನವೇ ಈ ರಸ್ತೆಯನ್ನು ಅವರಿಗೆ ತೋರಿಸಿಬಿಡಬೇಕೆಂಬ ಹಂಬಲ. ಮಾವ ಎಂದರೆ ಮೂವತ್ತೊಂದು ವರ್ಷ ಧರ್ಮಸ್ಥಳ–ಬೆಂಗಳೂರು ರಾತ್ರಿ ಬಸ್ಸು ಓಡಿಸಿ ನಿವೃತ್ತರಾದವರು. ಶಿರಾಡಿ ಘಾಟಿಯ ಒಂದೊಂದು ತಿರುವನ್ನೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಪ್ರಯಾಣಿಕರ ಪುಣ್ಯ, ಕಣ್ಣು ಮುಚ್ಚಿಕೊಂಡು ಓಡಿಸಲಿಲ್ಲ.

280 ಸುಮಾರು 92 ಕಿಲೋಮೀಟರ್ ಉದ್ದದ ಹೆದ್ದಾರಿ. ‘ಜಗತ್ತಿನ ಅತ್ಯಂತ ಸುಂದರ ಹೆದ್ದಾರಿ’ ಎಂಬ ಹಣೆಪಟ್ಟಿ ಅದಕ್ಕೆ ಹಳೆಯದು. ಬಲಕ್ಕೆ ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯ, ಅದರಾಚೆ ಕಾಡು ಹೊದ್ದ ಬೆಟ್ಟಸಾಲು, ಅದರ ನೆತ್ತಿಯ ಮೇಲೆ ಸಮುದ್ರದ ಕಡೆಯಿಂದ ಇಳಿಯಲೋ ಬೇಡವೋ ಎಂದು ಕುಳಿತ ಮಂಜು. ನಾನು ಮಾರ್ಗದರ್ಶಿಯ ಉತ್ಸಾಹದಲ್ಲಿ ಹೇಳುತ್ತಲೇ ಹೋದೆ: ಈ ಜಲಾಶಯ ಕುಳಿತಿರುವುದು ಭೂಕಂಪದ ಬಿರುಕಿನ ಮೇಲೆಯೇ, ಸ್ಯಾನ್ ಆಂಡ್ರಿಯಾಸ್ ಎಂಬ ಹೆಸರು ಆ ಬಿರುಕಿಗೆ ಬಂದದ್ದು ಇದೇ ಕಣಿವೆಯಿಂದ, ಮುಂದೆ ಸ್ಟ್ಯಾನ್‌ಫರ್ಡ್ ಹತ್ತಿರ ಮೂರು ಕಿಲೋಮೀಟರಿಗೂ ಉದ್ದದ ಕಣವೇಗವರ್ಧಕ ಈ ರಸ್ತೆಯ ಅಡಿಯಲ್ಲಿಯೇ ಹಾದುಹೋಗುತ್ತದೆ.

ಮಾವ ಎಲ್ಲದಕ್ಕೂ ಹೂಂಗುಟ್ಟಿದರು. ಜೂನ್ ತಿಂಗಳಲ್ಲಿ ಒಣಗಿ ಕಂದಾಗಿದ್ದ ಎಡಗಡೆಯ ಗುಡ್ಡಗಳನ್ನು ನೋಡಿ “ಬೆಂಕಿ ಬಿದ್ದಿತ್ತೇ?” ಎಂದು ಕೇಳಿದರು. ಇಲ್ಲ, ಇಲ್ಲಿ ಮಳೆ ಚಳಿಗಾಲಕ್ಕೆ ಎಂದೆ. ಜೂನ್‌ನಲ್ಲಿ ಮಳೆ ಬಾರದ ಊರಿನ ಬಗ್ಗೆ ಅವರು ಅಭಿಪ್ರಾಯವನ್ನು ಅಲ್ಲಿಯೇ ತೀರ್ಮಾನಿಸಿಕೊಂಡ ಹಾಗೆ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ, “ಅದೆಲ್ಲ ಇರಲಿ, ಲಾರಿಗಳೆಲ್ಲಿ?” ಎಂದರು.

ಹದಿನಾಲ್ಕು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು. ಇಪ್ಪತ್ತು ಗಂಟೆಗಳಿಗೂ ಮೀರಿದ ಪ್ರಯಾಣದ ದಣಿವು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮುಂದಿನ ವಾರ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಒಂದು ಬೆಳಿಗ್ಗೆ, ಅದೇ ರಸ್ತೆಯಲ್ಲಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮತ್ತೆ ನಿದ್ದೆಹೋದರು. ನನಗೆ ನಿಜವಾಗಿಯೂ ಚುಚ್ಚಿತು.

ನಮ್ಮ ಕಚೇರಿಯಲ್ಲಿ ಯಾರನ್ನು ಕೇಳಿದರೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಹೆದ್ದಾರಿಗಳ ತೀರ್ಪು ಒಂದೇ. ಮೊದಲ ಸ್ಥಾನ 280ಕ್ಕೆ, ಕೊನೆಯದು 880ಕ್ಕೆ. ನಡುವಿನ ಸ್ಥಾನಗಳಿಗೆ ಮಾತ್ರ ಜಗಳ. ಸ್ಯಾನ್ ಹೊಸೆಯಿಂದ ಓಕ್‌ಲ್ಯಾಂಡಿಗೆ ಹೋಗುವ 880 ಕೊಲ್ಲಿಯ ಪೂರ್ವದ ಬಯಲಿನಲ್ಲಿ ಗೋದಾಮು, ಕಾರ್ಖಾನೆ, ವಿಮಾನ ನಿಲ್ದಾಣ, ಕೊನೆಗೆ ಬಂದರು ಎಲ್ಲವನ್ನೂ ತಡವಿಕೊಂಡು ಹೋಗುತ್ತದೆ. ಬಲಗಡೆಯ ಎರಡು ಸಾಲುಗಳಲ್ಲಿ ಕಂಟೇನರ್ ಹೊತ್ತ ಲಾರಿಗಳು ಆನೆಗಳ ಹಿಂಡಿನ ಹಾಗೆ. ನಡುವೆ ತೂರಿಕೊಂಡು ಹೊರಹಾದಿ ಹಿಡಿಯುವುದೇ ಒಂದು ವಿದ್ಯೆ. ಸಿಡಿದ ಟೈರಿನ ಚಿಂದಿಯೊಂದು ಒಮ್ಮೆ ನನ್ನ ಕಾರಿನ ಮೂತಿಯನ್ನೇ ಕಿತ್ತಿತ್ತು. ಅಂದಿನಿಂದ ಆ ರಸ್ತೆಗೆ ಇಳಿದರೆ ನನ್ನ ಭುಜಗಳು ತಾವಾಗಿಯೇ ಕಿವಿಯ ಹತ್ತಿರ ಬರುತ್ತವೆ.

ಹೇವರ್ಡ್‌ನಲ್ಲಿ ಪರಿಚಿತರ ಗೃಹಪ್ರವೇಶಕ್ಕೆ ಮಾವನನ್ನು ಕರೆದುಕೊಂಡು ಹೊರಟಾಗ ಈ ರಸ್ತೆಯನ್ನು ತಪ್ಪಿಸುವಂತಿರಲಿಲ್ಲ. ಮೊದಲೇ ಕ್ಷಮೆ ಕೇಳಿದೆ. ಫ್ರೀಮಾಂಟ್ ದಾಟುವಷ್ಟರಲ್ಲಿ ನೋಡುತ್ತೇನೆ, ಮಾವ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಾರೆ, ಎಡಗೈ ಇಲ್ಲದ ಗೇರನ್ನು ಹುಡುಕುತ್ತಿದೆ. “ಹದಿನೆಂಟು ಚಕ್ರ,” ಎಂದರು. “ಇವನದು ಲೋಡು, ಅವನದು ಖಾಲಿ. ನೋಡು, ಖಾಲಿ ಗಾಡಿ ಹೇಗೆ ಕುಣಿಯುತ್ತದೆ.” ಮಾತು ನಿಲ್ಲಲಿಲ್ಲ. ಯಾರು ಬ್ರೇಕ್ ಸವೆಸುತ್ತಿದ್ದಾರೆ, ಯಾರು ಎಂಜಿನ್ನಿನಲ್ಲಿಯೇ ತಡೆಯುತ್ತಿದ್ದಾರೆ, ಮುಂದಿನವನು ಸಾಲು ಬದಲಿಸುತ್ತಾನೆಂದು ಹಿಂದಿನ ಚಕ್ರ ನೋಡಿಯೇ ಹೇಗೆ ತಿಳಿಯಬೇಕು. ನಾನು ಹದಿನಾಲ್ಕು ವರ್ಷ ಬೈದ ರಸ್ತೆಯನ್ನು ಅವರು ಅರ್ಧ ಗಂಟೆಯಲ್ಲಿ ಓದಿ ಮುಗಿಸಿದರು.

ವಾಹನಗಳೆಲ್ಲ ತೆವಳುತ್ತಿದ್ದಾಗ ಪಕ್ಕದಲ್ಲಿ ಒಂದು ಲಾರಿ ನಿಂತಿತು. ಪೇಟ ಸುತ್ತಿದ ಸರ್ದಾರ್‌ಜಿ ಚಾಲಕ, ಕನ್ನಡಿಯಿಂದ ನೇತಾಡುವ ಕಪ್ಪು ಕುಚ್ಚು. ಕ್ಯಾಲಿಫೋರ್ನಿಯಾದಲ್ಲಿ ಲಾರಿ ಓಡಿಸುವ ಪಂಜಾಬಿಗಳು ಕಡಿಮೆಯೇನಿಲ್ಲ. ಮಾವ ಅಭ್ಯಾಸಬಲದಿಂದ ಅಂಗೈ ಎತ್ತಿದರು, ಗುಂಡ್ಯದ ಹತ್ತಿರ ಎದುರು ಬಸ್ಸಿನವನಿಗೆ ಎತ್ತುವ ಹಾಗೆಯೇ. ಆತನೂ ಎತ್ತಿದ. ಅಷ್ಟೆ. ಆ ಗೃಹಪ್ರವೇಶದಲ್ಲಿ ಹೋಳಿಗೆಗಿಂತ ಹೆಚ್ಚು ಬಡಿಸಲ್ಪಟ್ಟದ್ದು ಈ ಕಥೆಯೇ.

ಅಂದು ರಾತ್ರಿ ಕುಳಿತು ಮಾವನ ಪ್ರಶ್ನೆಗೆ ಉತ್ತರ ಹುಡುಕಿದೆ. 280ರಲ್ಲಿ ಲಾರಿಗೆ ನಿಷೇಧವೇನೂ ಇಲ್ಲ, ಆದರೆ ಅಲ್ಲಿ ಅವುಗಳಿಗೆ ಕೆಲಸವಿಲ್ಲ. ಬಂದರು, ಗೋದಾಮುಗಳೆಲ್ಲ ಕೊಲ್ಲಿಯ ಬದಿಯಲ್ಲಿವೆ, 280 ಇರುವುದು ಗುಡ್ಡದ ಮೇಲೆ. ನಿಷೇಧ ಇರುವುದು ಬೇರೆಡೆ. ಓಕ್‌ಲ್ಯಾಂಡಿನಲ್ಲಿ 880ಕ್ಕೆ ಸಮಾನಾಂತರವಾಗಿ, ಬೆಟ್ಟದ ಬುಡದಲ್ಲಿ 580 ಎಂಬ ಇನ್ನೊಂದು ಹೆದ್ದಾರಿಯಿದೆ. ಅದರ ಒಂದು ಭಾಗದಲ್ಲಿ ನಾಲ್ಕೂವರೆ ಟನ್ನಿಗಿಂತ ಭಾರದ ಲಾರಿಗಳಿಗೆ ದಶಕಗಳಿಂದ ಪ್ರವೇಶವಿಲ್ಲ. ನಮ್ಮ ಮನೆಯ ಹತ್ತಿರದ 85ರಲ್ಲಿಯೂ ಅದೇ ಕಟ್ಟಳೆ. ಬೆಟ್ಟದ ಕಡೆಯ ಸ್ಥಿತಿವಂತರ ಮನೆಗಳಿಗೆ ಸದ್ದು ಬೇಡ, ಹೊಗೆ ಬೇಡ, ಆದರೆ ಸಾಮಾನು ಬೇಕು. ಹಾಗಾಗಿ ಲಾರಿಗಳೆಲ್ಲ ಕೆಳಗಿನ ಬಡಾವಣೆಗಳ ನಡುವಿನ 880ಕ್ಕೆ ಇಳಿಯುತ್ತವೆ. ಹೊಗೆ ಕುಡಿಯುವವರು ಅಲ್ಲಿಯವರು. 1989ರ ಭೂಕಂಪದಲ್ಲಿ ಎರಡು ಅಂತಸ್ತಿನ ಸೈಪ್ರೆಸ್ ಮೇಲ್ಸೇತುವೆ ಕುಸಿದು 42 ಜನ ಸತ್ತದ್ದೂ ಇದೇ 880ರಲ್ಲಿ.

ಇದನ್ನೆಲ್ಲ ಓದಿದ ಮೇಲೆ 280ರ ಮೇಲಿನ ನನ್ನ ಪ್ರೀತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಕೊಂಚ ಮುಜುಗರ ಸೇರಿಕೊಂಡಿತು, ಅಷ್ಟೆ.

ಇಲ್ಲಿಗೆ ಊರಿನ ಮಾತು ಬರಲೇಬೇಕು. ನಮ್ಮಲ್ಲಿ ಈ ಮೇಲುಕೆಳಗು ಇರಲಿಲ್ಲ. ಶಿರಾಡಿಯ ಸುಮಾರು 26 ಕಿಲೋಮೀಟರಿನಲ್ಲಿ ಅನಿಲದ ಬುಲೆಟ್ ಟ್ಯಾಂಕರ್, ಕೆಂಪು ಬಸ್ಸು, ಮದುವೆಯ ದಿಬ್ಬಣದ ಟೆಂಪೊ, ಹೊಸ ಕಾರು ಕೊಂಡು ಮಂಜುನಾಥನ ದರ್ಶನಕ್ಕೆ ಹೊರಟವರು, ಎಲ್ಲರೂ ಒಂದೇ ಸಾಲು. ಮಂಗಳೂರಿನ ಬಂದರಿನಿಂದ ಬರುವ ಟ್ಯಾಂಕರ್ ಡೋಣಿಗಾಲಿನ ಹತ್ತಿರ ಏದುಸಿರು ಬಿಟ್ಟರೆ ಹಿಂದಿನ ಮಂತ್ರಿಯ ಕಾರೂ ಏದುಸಿರು ಬಿಡಬೇಕು. ಘಾಟಿ ಹತ್ತುವ ಮೊದಲು ಎಲ್ಲರಿಗೂ ಅದೇ ಗುಂಡ್ಯದ ಚಹಾ. ಶನಿವಾರ ಬೆಳಿಗ್ಗೆ 280ರಲ್ಲಿ ಕಾರೋಡಿಸುವಾಗ ನನಗೆ ಇಲ್ಲದ್ದು ಏನೆಂದು ಈಗ ಗೊತ್ತಾಗಿದೆ: ಜೊತೆ. ಅಲ್ಲಿ ಎಲ್ಲರೂ ನನ್ನಂಥವರೇ, ನನ್ನಂಥ ಕಾರಿನಲ್ಲಿಯೇ, ಒಬ್ಬೊಬ್ಬರೇ.

ಬರಬರುತ್ತ ನಾವೂ ಅದೇ ದಾರಿ ಹಿಡಿದಿದ್ದೇವೆ, ಸ್ವಲ್ಪ ತಿರುಗಾಮುರುಗಾ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದ ಮುಖ್ಯ ಮಾರ್ಗದಿಂದ ಅದೇ ವರ್ಷದ ಆಗಸ್ಟ್‌ನಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಹೊರಗಿಟ್ಟರು. ಇಲ್ಲಿ ದೊಡ್ಡವರನ್ನು ಕೆಳಗಿಳಿಸಿದರೆ ಅಲ್ಲಿ ಸಣ್ಣವರನ್ನು ಪಕ್ಕಕ್ಕೆ ಸರಿಸಿದರು. ಕಳೆದ ಸಲ ಊರಿಗೆ ಹೋದಾಗ ಆ ರಸ್ತೆಯಲ್ಲಿ ಹೋದೆ. ಚನ್ನಪಟ್ಟಣದ ಬೊಂಬೆಯೂ ಇಲ್ಲ, ಮದ್ದೂರಿನ ವಡೆಯೂ ಇಲ್ಲ. ಎರಡೂ ಊರುಗಳು ಹಸಿರು ಫಲಕಗಳಾಗಿ ಬಂದು ಹೋದವು. ಮೈಸೂರು ಬೇಗ ಬಂತು. ಬೇಗ ಬಂದು ಮಾಡುವುದೇನಿತ್ತು ಎಂದು ಕೇಳಿದರೆ ಜೊತೆಯಲ್ಲಿದ್ದ ತಮ್ಮನಿಗೆ ಸಿಟ್ಟು. “ನೀನು ಅಲ್ಲಿ ಚೆನ್ನಾಗಿರುವ ರಸ್ತೆಯಲ್ಲಿ ಓಡಾಡಬಹುದು, ನಮಗೆ ಮಾತ್ರ ಹಳೆಯದೇ ಇರಬೇಕು, ಅಲ್ಲವೇ?” ಎಂದ. ಹೊರನಾಡಿನಿಂದ ಹೋದವನಿಗೆ ಊರಿನಲ್ಲಿ ಸಿಗುವ ಮರ್ಯಾದೆ ಇಷ್ಟೇ, ಮತ್ತು ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಸಾಂತಾಕ್ರೂಜ್‌ನ ಸಮುದ್ರ ತೋರಿಸಲು ಮಾವನನ್ನು ಒಂದು ಭಾನುವಾರ 17 ಹೆದ್ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ನಮ್ಮ ಘಾಟಿಯ ಹತ್ತಿರದ ನೆಂಟನೆನ್ನಬಹುದಾದ ರಸ್ತೆ ಅದೊಂದೇ: ಕಾಡು, ತಿರುವು, ಇಳಿಜಾರು. ಇಲ್ಲಾದರೂ ಅವರು ಹಳೆಯ ಕಥೆ ತೆಗೆಯುತ್ತಾರೆಂದು ಕಾದೆ. ಅವರು ಉದ್ದಕ್ಕೂ ನೋಡಿದ್ದು ಎರಡು ದಿಕ್ಕಿನ ವಾಹನಗಳ ನಡುವೆ ಎದೆಮಟ್ಟದ ಕಾಂಕ್ರೀಟ್ ಗೋಡೆಯನ್ನು. “ಎದುರಿನವನು ನಮ್ಮ ಮೇಲೆ ಬರುವಂತೆಯೇ ಇಲ್ಲ,” ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, ಒಂದು ಮಳೆಯ ರಾತ್ರಿ ತಮ್ಮ ಮುಂದಿನ ಬಸ್ಸಿನ ಚಾಲಕನಿಗೆ ಏನಾಯಿತೆಂದು ಹೇಳಿದರು. ಓವರ್‌ಟೇಕ್ ಮಾಡಲು ಬಂದ ಲಾರಿ, ಕುರುಡು ತಿರುವು. ಮೂವತ್ತೊಂದು ವರ್ಷದ ಕಥೆಗಳಲ್ಲಿ ಇದನ್ನು ನಾನು ಎಂದೂ ಕೇಳಿರಲಿಲ್ಲ. ಎಲ್ಲರೂ ಒಂದೇ ಸಾಲು ಎಂದು ಮೇಲೆ ಹಾಡಿ ಹೊಗಳಿದೆನಲ್ಲ, ಆ ಸಾಲಿನ ಬೆಲೆ ಅದು. ನಾನು ಬೆಲೆ ಕೊಟ್ಟವನಲ್ಲ. ಒಮ್ಮೆ ಟ್ಯಾಂಕರ್ ಮಗುಚಿ ಶಿರಾಡಿಯಲ್ಲಿ ಆರು ಗಂಟೆ ಸಿಕ್ಕಿಹಾಕಿಕೊಂಡದ್ದೇ ನನ್ನ ದೊಡ್ಡ ಕಷ್ಟ. ಅಂದು ಆ ಟ್ಯಾಂಕರಿನವನನ್ನು, ರಸ್ತೆ ಮಾಡಿದವರನ್ನು, ಇಡೀ ನಾಡನ್ನು ಬೈದಿದ್ದೆ. ಜೊತೆಯ ಸುಖವೇನೂ ನೆನಪಿಗೆ ಬಂದಿರಲಿಲ್ಲ.

ಮಾವ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಯಾವ ದಾರಿ ಎಂದು ಕೇಳಿದೆ. “ಲಾರಿಯ ದಾರಿ,” ಎಂದರು. 880 ಹಿಡಿದು, 92 ಹೆದ್ದಾರಿಯ ಉದ್ದನೆಯ ಸೇತುವೆಯ ಮೇಲೆ ಕೊಲ್ಲಿ ದಾಟಿ ಹೋದೆವು. ಯಾವುದೋ ಅಪಘಾತದಿಂದ ಮುಕ್ಕಾಲು ಗಂಟೆ ತಡವಾಗಿ, ಕೌಂಟರ್ ಮುಚ್ಚುವ ಮೊದಲು ಓಡಿ ತಲುಪಿದೆವು. ನನ್ನ ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಆ ಜುಲೈನಲ್ಲಿ ಊರಿನಲ್ಲಿ ಮಳೆ ಹುಚ್ಚೆದ್ದಿತ್ತು. ಸಕಲೇಶಪುರದ ಹತ್ತಿರ ಗುಡ್ಡ ಕುಸಿದು ಶಿರಾಡಿ ಮುಚ್ಚಿತ್ತು. ಬೆಂಗಳೂರಿನಲ್ಲಿ ಇಳಿದ ಮಾವ ಬಾಡಿಗೆ ಕಾರಿನಲ್ಲಿ ಮೂಡಿಗೆರೆಯ ಮೇಲೆ ಬಂದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಇಳಿದು ಉಜಿರೆಯ ಮನೆ ಸೇರಿದರು. 2019ರ ಭೂಕುಸಿತದ ನಂತರ ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿಷೇಧ. ರಾತ್ರಿ ಫೋನ್ ಮಾಡಿದಾಗ ದಾರಿ ಹೇಗಿತ್ತು ಎಂದು ಕೇಳಿದೆ.

“ಲಾರಿ ಒಂದೂ ಇರಲಿಲ್ಲ ಮಾರಾಯ,” ಎಂದರು. “ಹಾಯಾಗಿ ಬಂದೆವು.”

ನಿದ್ದೆ ಬಂತೇ ಎಂದು ಕೇಳಿದೆ. ಫೋನನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟರು.